ಅಂಗಳದ ದಾಸವಾಳ, ಹಿತ್ತಿಲ ಬೆಂಡೆ

ನಮ್ಮ ನಾಡಿನ ಹಳೆಯ ಮನೆಗಳಲ್ಲಿ ಗಿಡಗಳಿಗೂ ಒಂದು ಸ್ಥಾನಮಾನವುಂಟು. ಮುಂದಿನ ಅಂಗಳದಲ್ಲಿ ತುಲಸೀಕಟ್ಟೆ. ಅದರ ಸುತ್ತ ದಾಸವಾಳ, ನಂದಿಬಟ್ಟಲು, ಕಣಗಿಲೆ. ಹಿಂದಿನ ಹಿತ್ತಿಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಬಸಳೆ, ಬದನೆ, ಬೆಂಡೆ. ಮುಂಜಾನೆ ಹೂಬುಟ್ಟಿ ಹಿಡಿದವರು ಅಂಗಳಕ್ಕೆ ಇಳಿಯುತ್ತಾರೆ. ಅಡಿಗೆಗೆ ಹೊತ್ತಾಯಿತೆಂದು ಮೊರ ಹಿಡಿದವರು ಹಿತ್ತಿಲಿಗೆ ನಡೆಯುತ್ತಾರೆ. ದಾಸವಾಳ ದೇವರ ಪಾಲು, ಬೆಂಡೆ ನಮ್ಮ ಪಾಲು. ಒಂದು ಕಣ್ಣಿಗೆ, ಇನ್ನೊಂದು ಹೊಟ್ಟೆಗೆ. ಹೀಗೆ ಮನೆಯ ಎರಡು ತುದಿಗಳಲ್ಲಿ ಬೇರೆ ಬೇರೆಯಾಗಿ ಬಾಳುವ ಈ ಎರಡು ಗಿಡಗಳು ಒಂದೇ ವಂಶದ ದಾಯಾದಿಗಳೆಂದು ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು.

ಈ ದಾಯಾದಿಗಳ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ. ಚರಿತ್ರೆಯೆಂದರೆ ಅರಸರ ದಂಡಯಾತ್ರೆಗಳು ಮಾತ್ರವಲ್ಲ. ಒಂದು ಕಡ್ಡಿಯಿಂದ ಊರೂರಿಗೆ ಹಬ್ಬಿದ ಹೂವಿಗೂ, ಸೆರಗಿನ ಗಂಟಿನಲ್ಲಿ ಸಾಗಿದ ಬೀಜಕ್ಕೂ ಚರಿತ್ರೆಯುಂಟು. ಊರು ಬಿಟ್ಟು ಪರಸ್ಥಳಗಳಲ್ಲಿ ನೆಲೆನಿಂತ ನಮ್ಮಂಥವರಿಗೆ ಆ ಚರಿತ್ರೆಯಿಂದ ಕಲಿಯತಕ್ಕದ್ದೂ ಕೆಲವುಂಟು.

ಮೊದಲು ಇವುಗಳ ಹೋಲಿಕೆಯನ್ನು ನೋಡೋಣ. ಬೆಳಗಿನ ಹೊತ್ತಿನಲ್ಲಿ ಅರಳಿದ ಒಂದು ಒಂಟಿ ಎಸಳಿನ ದಾಸವಾಳವನ್ನೂ ಒಂದು ಬೆಂಡೆಯ ಹೂವನ್ನೂ ಅಂಗೈಯಲ್ಲಿಟ್ಟು ನೋಡಿದರೆ ಸಾಕು; ಪುಸ್ತಕ ಬೇಕಾಗಿಲ್ಲ. ಎರಡರಲ್ಲಿಯೂ ಐದು ಎಸಳುಗಳು. ಮೊಗ್ಗಿನಲ್ಲಿ ಅವು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಎರಡರಲ್ಲಿಯೂ ಕೇಸರಗಳು ಬಿಡಿಬಿಡಿಯಾಗಿರದೆ ಒಂದು ಕೊಳವೆಯಾಗಿ ಕೂಡಿಕೊಂಡು, ಆ ಕೊಳವೆಯ ನಡುವಿನಿಂದ ಶಲಾಕೆಯು ಹೊರಬರುತ್ತದೆ. ದಾಸವಾಳದಲ್ಲಿ ಈ ಕೊಳವೆ ಎಸಳುಗಳನ್ನು ದಾಟಿ ಮುಂದಕ್ಕೆ ಚಾಚುತ್ತದೆ. ಬೆಂಡೆಯಲ್ಲಿ ಗಿಡ್ಡಾಗಿ, ತಿಳಿಹಳದಿ ಎಸಳುಗಳ ನಡುವಿನ ಕಡುಗೆಂಪು ಬಟ್ಟಲಿನಲ್ಲಿ ಅಡಗಿ ಕುಳಿತಿರುತ್ತದೆ. ಸಾಮಾನ್ಯವಾಗಿ ಎರಡೂ ಹೂಗಳ ಆಯುಸ್ಸು ಒಂದೇ ಹಗಲು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಎಲೆ, ತೊಗಟೆಗಳನ್ನು ಜಜ್ಜಿದರೆ ಎರಡರಲ್ಲಿಯೂ ಲೋಳೆ. ಬೆಂಡೆಯ ಲೋಳೆ ಅಡಿಗೆಯವರಿಗೆ ತಲೆನೋವು. ದಾಸವಾಳದ ಎಲೆಯ ಲೋಳೆ ತಲೆಗೆ ತಂಪು. ವಸ್ತು ಒಂದೇ ಬಗೆಯದು. ಬಯ್ಗುಳ ಒಂದಕ್ಕೆ, ಮೆಚ್ಚುಗೆ ಇನ್ನೊಂದಕ್ಕೆ!

ಸಸ್ಯಶಾಸ್ತ್ರಜ್ಞರು ಈ ಕುಟುಂಬವನ್ನು ಮಾಲ್ವೇಸೀ ಎಂದು ಕರೆಯುತ್ತಾರೆ. ನಮ್ಮ ಭಾಷೆಯಲ್ಲಿ ಹತ್ತಿಯ ಬಳಗವೆನ್ನಬಹುದು. ಏಕೆಂದರೆ ಧಾರವಾಡ, ಹುಬ್ಬಳ್ಳಿ, ಗದಗುಗಳ ಎರೆಭೂಮಿಯ ಹತ್ತಿಯೂ ಇದೇ ಕುಟುಂಬಕ್ಕೆ ಸೇರಿದ್ದು. ಹತ್ತಿಯ ಹೂವನ್ನು ಕಂಡವರಿಗೆ ಬೆಂಡೆಯ ಹೂ ಹೊಸದೆನಿಸದು. ಈ ನಂಟು ಪಾಶ್ಚಾತ್ಯ ಪಂಡಿತರು ಬಂದು ಹೇಳಿಕೊಟ್ಟ ಸಂಗತಿಯೇನೂ ಅಲ್ಲ. ತಮಿಳರು ದಾಸವಾಳವನ್ನು 'ಸೆಂಬರುತ್ತಿ' ಎನ್ನುತ್ತಾರೆ. ಮಲೆಯಾಳಿಗಳು 'ಚೆಂಬರತ್ತಿ' ಎನ್ನುತ್ತಾರೆ. ಅರ್ಥ ಕೆಂಪು ಹತ್ತಿ. ಗಿಡವನ್ನು ಕಣ್ಣಿಟ್ಟು ನೋಡಿದ ಯಾವನೋ ಒಬ್ಬ ರೈತ, ಯಾವಳೋ ಒಬ್ಬ ಗೃಹಿಣಿ, ಶಾಸ್ತ್ರ ಹುಟ್ಟುವ ಎಷ್ಟೋ ಮುಂಚೆಯೇ ಈ ಕುಟುಂಬದ ಗುಟ್ಟನ್ನು ಒಂದು ಮಾತಿನಲ್ಲಿ ಹಿಡಿದಿಟ್ಟಿದ್ದರು.

ಆ ಮಾತು ಮುದ್ರಣಕ್ಕೆ ಬಂದ ಕಥೆಯೂ ಸ್ವಾರಸ್ಯವಾಗಿದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದಿದ್ದಾಗ ಅಲ್ಲಿ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬಾತನು ಮಲಬಾರಿನ ಗಿಡಮೂಲಿಕೆಗಳನ್ನು ಕುರಿತು 'ಹೊರ್ಟುಸ್ ಮಲಬಾರಿಕುಸ್' ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದನು. ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್‌ಡಾಮಿನಲ್ಲಿ ಅದರ ಹನ್ನೆರಡು ಸಂಪುಟಗಳು ಅಚ್ಚಾದುವು. ಹೆಸರು ರೀಡನದು, ವಿದ್ಯೆ ನಮ್ಮವರದು. ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಗಿಡಗಳ ಹೆಸರು ಗುಣಗಳನ್ನು ವಿವರಿಸಿದರು. ಅವರ ಹೇಳಿಕೆಗಳು ಅವರವರ ಭಾಷೆಯಲ್ಲಿ, ಅವರವರ ಲಿಪಿಯಲ್ಲಿಯೇ ಆ ಗ್ರಂಥದ ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ಅದರ ಎರಡನೆಯ ಸಂಪುಟದಲ್ಲಿ ನಮ್ಮ ದಾಸವಾಳವು 'ಶೆಂ ಪರಿತಿ' ಎಂಬ ಹೆಸರಿನಿಂದ ನಿಂತಿದೆ. ಮಲಬಾರಿನ ಜನ ಹೇಳಿದ ಕೆಂಪು ಹತ್ತಿಯೇ ಅದು. ಮೂರು ಶತಮಾನಗಳಿಗೂ ಮಿಕ್ಕಿ ಲ್ಯಾಟಿನ್ನಿನಲ್ಲಿ ಮುಚ್ಚಿಹೋಗಿದ್ದ ಈ ಗ್ರಂಥವನ್ನು ಕೇರಳದ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲರು ಬಹುಕಾಲ ದುಡಿದು ೨೦೦೩ರಲ್ಲಿ ಇಂಗ್ಲಿಷಿಗೂ, ೨೦೦೮ರಲ್ಲಿ ಮಲೆಯಾಳಕ್ಕೂ ತಂದರು. ನಮ್ಮ ಜ್ಞಾನ ನಮ್ಮ ಭಾಷೆಗೆ ಮರಳಿ ಬರಬೇಕಾದರೆ ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಭಾರತದ ಗಿಡಗಳ ವಿಷಯದಲ್ಲಿ ಐರೋಪ್ಯ ಪಂಡಿತರಿಗೆ ಈ ಗ್ರಂಥವೇ ಮುಖ್ಯ ಆಧಾರವಾಯಿತು. ಸ್ವೀಡನ್ ದೇಶದ ಲಿನೇಯಸನು ೧೭೫೩ರಲ್ಲಿ ಲೋಕದ ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ಸ್ಥಿರಪಡಿಸಿದಾಗ, ದಾಸವಾಳವನ್ನೂ ಬೆಂಡೆಯನ್ನೂ 'ಹಿಬಿಸ್ಕಸ್' ಎಂಬ ಒಂದೇ ಮನೆತನಕ್ಕೆ ಸೇರಿಸಿದನು. ಮನೆತನದ ಹೆಸರು ಒಂದೇ ಆದರೂ ವ್ಯಕ್ತಿಯ ಹೆಸರಿನಲ್ಲಿ ಭೇದ ಬಂತು. ದಾಸವಾಳಕ್ಕೆ 'ರೋಸಾ ಸೈನೆನ್ಸಿಸ್', ಎಂದರೆ ಚೀನದ ಗುಲಾಬಿ. ಬೆಂಡೆಗೆ 'ಎಸ್ಕುಲೆಂಟಸ್', ಎಂದರೆ ತಿನ್ನತಕ್ಕದ್ದು. ಒಬ್ಬಳನ್ನು ಚೆಲುವೆಯೆಂದೂ ಇನ್ನೊಬ್ಬಳನ್ನು ಅಡಿಗೆಯವಳೆಂದೂ ಕರೆದಂತಾಯಿತು. ಅಂಗಳ ಹಿತ್ತಿಲುಗಳ ಭೇದ ನಮ್ಮಲ್ಲಿ ಮಾತ್ರವಲ್ಲ, ಪಂಡಿತರ ಲ್ಯಾಟಿನ್ನಿನಲ್ಲಿಯೂ ಇದ್ದಿತೆಂಬುದು ಗಮನಿಸತಕ್ಕ ವಿಷಯ.

ಮೂವತ್ತನಾಲ್ಕು ವರ್ಷಗಳ ಬಳಿಕ ಈ ಒಟ್ಟು ಕುಟುಂಬದಲ್ಲಿ ಪಾಲು ಪಟ್ಟಿ ನಡೆಯಿತು. ಜರ್ಮನಿಯ ಮೆಡಿಕಸ್ ಎಂಬ ಪಂಡಿತನು ೧೭೮೭ರಲ್ಲಿ 'ಅಬೆಲ್ಮೋಸ್ಕಸ್' ಎಂಬ ಬೇರೆಯ ಮನೆತನವನ್ನು ಕಟ್ಟಿದನು. ಕಸ್ತೂರಿಯ ವಾಸನೆಯ ಬೀಜವುಳ್ಳ ಕಸ್ತೂರಿ ಬೆಂಡೆ ಈ ಮನೆತನದ್ದು. ಅರಬ್ಬಿಯಲ್ಲಿ ಕಸ್ತೂರಿಗೆ 'ಮಿಸ್ಕ್' ಎನ್ನುತ್ತಾರಾಗಿ ಈ ಹೆಸರು ಹುಟ್ಟಿತು. ೧೭೯೪ರಲ್ಲಿ ಮೋಂಕ್ ಎಂಬ ಇನ್ನೊಬ್ಬ ಜರ್ಮನ್ ಪಂಡಿತನು ನಮ್ಮ ಅಡಿಗೆಯ ಬೆಂಡೆಯನ್ನೂ ಅದೇ ಮನೆಗೆ ಕಳುಹಿಸಿದನು. ಆದರೆ ಪಾಲು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಮುಂದೆ ನೂರಾರು ವರ್ಷ ಅನೇಕ ಗ್ರಂಥಗಳು ಬೆಂಡೆಯನ್ನು ಹಿಬಿಸ್ಕಸ್ ಎಂದೇ ಬರೆದುವು. ೧೯೨೪ರಲ್ಲಿ ಹೋಕ್ರಾಯ್ಟಿನರ್ ಎಂಬ ವಿದ್ವಾಂಸನು ಗಟ್ಟಿಯಾದ ಕಾರಣ ತೋರಿಸಿ ವಾದಿಸಿದ ಮೇಲೆ ಅಬೆಲ್ಮೋಸ್ಕಸ್ ಎಂಬ ಹೆಸರು ನೆಲೆಗೊಂಡಿತು.

ಆ ಕಾರಣವನ್ನು ಯಾವ ಗೃಹಿಣಿಯೂ ತನ್ನ ಕಣ್ಣಿನಿಂದಲೇ ಪರೀಕ್ಷಿಸಿ ನೋಡಬಹುದು. ದಾಸವಾಳದ ಹೂ ಬಾಡಿದ ಮೇಲೂ ಅದರ ಹಸುರು ಪುಷ್ಪಪಾತ್ರೆ, ಐದು ಹಲ್ಲುಗಳ ಆ ಬಟ್ಟಲು, ತೊಟ್ಟಿನ ಮೇಲೆ ಹಾಗೆಯೇ ನಿಂತಿರುತ್ತದೆ. ಬೆಂಡೆಯ ಹೂ ಅರಳುವಾಗ ಈ ಬಟ್ಟಲು ಒಂದೇ ಪಕ್ಕಕ್ಕೆ ಸೀಳುತ್ತದೆ. ಬುಡದಲ್ಲಿ ಎಸಳುಗಳಿಗೂ ಕೇಸರದ ಕೊಳವೆಗೂ ಅಂಟಿಕೊಂಡಿರುವುದರಿಂದ, ಹೂ ಉದುರುವಾಗ ಅವುಗಳ ಜೊತೆಗೇ ಉದುರಿಹೋಗುತ್ತದೆ. ಆದುದರಿಂದಲೇ ಸಂತೆಯಲ್ಲಿ ಕೊಂಡ ಬೆಂಡೆಕಾಯಿಯ ತೊಟ್ಟಿನ ಮೇಲೆ ಬದನೆಗೆ ಇರುವಂಥ ಟೊಪ್ಪಿಗೆ ಇಲ್ಲ. ಒಂದು ಉಂಗುರದ ಗುರುತು ಮಾತ್ರ ಇದೆ. ಇಷ್ಟೇ ವ್ಯಾಜ್ಯ! ಒಬ್ಬನು ಉಟ್ಟ ಬಟ್ಟೆಯನ್ನು ಇಟ್ಟುಕೊಳ್ಳುತ್ತಾನೆ, ಇನ್ನೊಬ್ಬನು ಬಿಸಾಡುತ್ತಾನೆ. ಆದುದರಿಂದ ಇಬ್ಬರೂ ಬೇರೆ ಮನೆತನದವರೆಂದು ತೀರ್ಪಾಯಿತು.

ಆದರೆ ಈ ತೀರ್ಪಿನ ಮೇಲೂ ಮೇಲ್ಮನವಿ ಬಂದಿದೆ. ಈ ಶತಮಾನದ ಮೊದಲಲ್ಲಿ ವಿಜ್ಞಾನಿಗಳು ಡಿ.ಎನ್.ಎ. ಎಂಬ ಆನುವಂಶಿಕ ವಸ್ತುವನ್ನು ಹೋಲಿಸಿ ನೋಡಿದಾಗ, ಬೆಂಡೆಯ ಮನೆತನವು ಹಿಬಿಸ್ಕಸ್ ವೃಕ್ಷದ ಕೊಂಬೆಗಳ ನಡುವಿನಿಂದಲೇ ಒಡೆದ ಕವಲೆಂದು ಕಂಡುಬಂತು. ಪಾಲಾದರೂ ರಕ್ತ ಬೇರೆಯಾಗಲಿಲ್ಲ. ಲಿನೇಯಸನು ಹೊರಗಣ್ಣಿನಿಂದ ಕಂಡದ್ದಕ್ಕೂ ಒಂದು ಅರ್ಥವಿದ್ದಿತು. ಮೆಡಿಕಸನ ಸೂಕ್ಷ್ಮದೃಷ್ಟಿಗೂ ಒಂದು ಅರ್ಥವಿದ್ದಿತು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಹಿಬಿಸ್ಕಸ್ ಎಂದರೆ ಹೂಗಿಡ, ಅಬೆಲ್ಮೋಸ್ಕಸ್ ಎಂದರೆ ತರಕಾರಿಗಿಡ ಎಂದು ಯಾರೂ ತಿಳಿಯಬಾರದು. ಉತ್ತರ ಕರ್ನಾಟಕದ ರೊಟ್ಟಿಯ ಜೊತೆಗೆ ಬಡಿಸುವ ಪುಂಡಿಪಲ್ಯವನ್ನು ಬಲ್ಲವರಿಗೆ ಇದು ಬೇಗ ತಿಳಿದೀತು. ಆ ಹುಳಿ ಸೊಪ್ಪಿನ ಪುಂಡಿಗಿಡವು ಅಪ್ಪಟ ಹಿಬಿಸ್ಕಸ್ ಮನೆತನದ್ದು, ದಾಸವಾಳದ ಒಡಹುಟ್ಟು. ಮರಾಠಿಯವರ ಅಂಬಾಡಿ, ಹೈದರಾಬಾದಿನ ಕನ್ನಡಿಗರು ದಿನವೂ ಹೆಸರು ಕೇಳುವ ಗೋಂಗೂರ, ಇವೂ ಈ ಪುಂಡಿಯ ಪೈಕಿಯೇ. ಅದರ ನಾರಿನಿಂದ ಹಗ್ಗವನ್ನೂ ಹೊಸೆಯುತ್ತಾರೆ. ಹೀಗೆ ದೇವರ ತಲೆಯ ಮೇಲಿನ ಹೂವಿನ ತಂಗಿ ಬಡವನ ತಾಟಿನಲ್ಲಿ ಪಲ್ಯವಾಗಿದ್ದಾಳೆ. ಅಲಂಕಾರಕ್ಕೆ, ಆಹಾರಕ್ಕೆ ಎಂಬ ಭೇದವನ್ನು ಪ್ರಕೃತಿ ಮಾಡಲಿಲ್ಲ, ಮಾಡಿದವರು ನಾವು.

ಇನ್ನು ಇವುಗಳ ತವರನ್ನು ವಿಚಾರಿಸೋಣ. ದಾಸವಾಳವು ನಮ್ಮ ಪೂಜೆಯಲ್ಲಿ ಬೆರೆತುಹೋಗಿರುವುದನ್ನು ಕಂಡರೆ ಅದು ಇಲ್ಲಿಯದೇ ಎನಿಸುವುದು ಸಹಜ. ಸಂಸ್ಕೃತದ ಜಪಾ ಅಥವಾ ಜವಾ ಪುಷ್ಪವು ದಾಸವಾಳವೆಂದು ಸಂಪ್ರದಾಯ ಹೇಳುತ್ತದೆ. ಮೇಘದೂತದಲ್ಲಿ ಕಾಳಿದಾಸನು ಉಜ್ಜಯಿನಿಯ ಮಹಾಕಾಲನ ಸನ್ನಿಧಿಯಲ್ಲಿ ಮೇಘವು ತಳೆಯಬೇಕಾದ ಸಂಜೆಗೆಂಪಿಗೆ ಹೊಸತಾಗಿ ಅರಳಿದ ಜಪಾಪುಷ್ಪವನ್ನು ಹೋಲಿಸಿದ್ದಾನೆ. ನವಗ್ರಹಸ್ತೋತ್ರದಲ್ಲಿ ಸೂರ್ಯನ ಬಣ್ಣಕ್ಕೂ ಅದೇ ಉಪಮಾನ. ಬಂಗಾಳದಲ್ಲಿ ಕಾಳೀಮಾತೆಗೆ ಕೆಂಪು ಜಬಾ ಹೂವಿನ ಮಾಲೆಯೇ ಆಗಬೇಕು. ಮಹಾರಾಷ್ಟ್ರದಲ್ಲಿ ಗಣಪತಿಗೆ ಕೆಂಪು ಜಾಸ್ವಂದವೇ ಆಗಬೇಕು. ಚೌತಿಯ ಮುನ್ನಾದಿನ ದಾದರಿನ ಹೂವಿನ ಪೇಟೆಗೆ ಹೋದವರು ಆ ಕೆಂಪುರಾಶಿಯನ್ನು ಮರೆಯಲಾರರು.

ಆದರೂ ದಾಸವಾಳವು ನಿಜವಾದ ಕಾಡುಗಿಡವಾಗಿ ಎಲ್ಲಿಯೂ ಕಂಡುಬಂದಿಲ್ಲ. ಮನುಷ್ಯನ ಕೈತೋಟದಿಂದ ಕೈತೋಟಕ್ಕೆ ಸಾಗಿದ ಗಿಡ ಇದು. ನಮ್ಮ ಅಂಗಳದ ಸಾಮಾನ್ಯ ಕೆಂಪು ದಾಸವಾಳ ಎಷ್ಟು ಹೂ ಬಿಟ್ಟರೂ ಕಾಯಿ ಕಚ್ಚುವುದು ಅತಿ ವಿರಳ. ಬೇರೆ ಬೇರೆ ಜಾತಿಗಳ ಬೆರಕೆಯಿಂದ ಹುಟ್ಟಿದ ಗಿಡಗಳಲ್ಲಿ ಹೀಗಾಗುವುದುಂಟು. ಅದರ ಮೂಲ ಪಿತೃಗಳು ಶಾಂತಸಾಗರದ ದ್ವೀಪಗಳ ಜಾತಿಗಳೆಂದು ಇತ್ತೀಚಿನ ಸಂಶೋಧಕರು ಪ್ರತಿಪಾದಿಸಿದ್ದಾರೆ. ಹಾಗಿದ್ದರೆ ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗಿದ ಜನರೇ ಈ ಹೂವನ್ನೂ ಏಷ್ಯದ ಕಡೆಗೆ ತಂದಿರಬೇಕು. ಚೀನದವರು ಬಹುಕಾಲದಿಂದ ಅದನ್ನು ತೋಟಗಳಲ್ಲಿ ಬೆಳೆಸಿದರು. ಅದರಿಂದ ಚೀನದ ಗುಲಾಬಿಯೆಂಬ ಬಿರುದು ಬಂತು. ಮಲಯದವರು ೧೯೬೦ರಲ್ಲಿ ಅದನ್ನು ತಮ್ಮ ರಾಷ್ಟ್ರಪುಷ್ಪವನ್ನಾಗಿ ಆರಿಸಿಕೊಂಡರು. ಇಂದಿಗೂ ಮಲೇಶಿಯದ ರಾಷ್ಟ್ರಪುಷ್ಪ ಅದೇ. ಹೊರಗಿನಿಂದ ಬಂದ ಹೂವು ಅವರದಾಯಿತು, ಚೀನದವರದಾಯಿತು, ನಮ್ಮದೂ ಆಯಿತು. ನೆಲೆನಿಂತು ಬೇರೂರಿದವರಿಗೆ ಎಲ್ಲ ನೆಲವೂ ತವರೇ.

ಬೆಂಡೆಯ ಕಥೆ ಇದಕ್ಕಿಂತ ತೊಡಕಾಗಿದೆ. ಹೆಸರನ್ನೇ ಮೊದಲು ನೋಡೋಣ. ಕನ್ನಡದಲ್ಲಿ ಬೆಂಡೆ, ತೆಲುಗಿನಲ್ಲಿ ಬೆಂಡ, ತಮಿಳಿನಲ್ಲಿ ವೆಂಡೈ, ಮಲೆಯಾಳದಲ್ಲಿ ವೆಂಡ, ಮರಾಠಿಯಲ್ಲಿ ಭೇಂಡಿ, ಹಿಂದಿಯಲ್ಲಿ ಭಿಂಡಿ. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ಭಾಷಾಶಾಸ್ತ್ರ ಬಲ್ಲವರಿಗೆ ಹೊಸದಲ್ಲ. ವೇರು ಬೇರಾದಂತೆ, ವೆಳ್ಳಿ ಬೆಳ್ಳಿಯಾದಂತೆ, ವೆಂಡೈ ಬೆಂಡೆಯಾಗಿದೆ. ದಾಸವಾಳಕ್ಕಾದರೋ ಒಂದೊಂದು ಭಾಷೆಯಲ್ಲಿ ಒಂದೊಂದು ಹೆಸರು: ಕನ್ನಡಕ್ಕೆ ದಾಸವಾಳ, ತಮಿಳಿಗೆ ಸೆಂಬರುತ್ತಿ, ತೆಲುಗಿಗೆ ಮಂದಾರ, ಮರಾಠಿಗೆ ಜಾಸ್ವಂದ, ಹಿಂದಿಗೆ ಗುಡ್‌ಹಲ್. ಹೂವಿನ ಹೆಸರು ಗಡಿಯಲ್ಲಿ ನಿಂತಿತು. ತರಕಾರಿಯ ಹೆಸರು ಗಡಿ ದಾಟಿತು. ಪರಸ್ಥಳದ ಪೇಟೆಯಲ್ಲಿ ನಮ್ಮವರು ಮೊದಲ ದಿನವೇ ಯಾರ ಸಹಾಯವೂ ಇಲ್ಲದೆ ಕೊಳ್ಳಬಲ್ಲ ತರಕಾರಿ ಯಾವುದೆಂದರೆ ಬೆಂಡೆಯೇ ಎನ್ನಲಡ್ಡಿಯಿಲ್ಲ.

ಹೆಸರು ಇಷ್ಟು ಹರಡಿದ್ದರೂ ಅದರಿಂದಲೇ ಗಿಡದ ತವರು ಇದೇ ಎಂದು ಸಿದ್ಧವಾಗದು. ಸೆವಿಲ್ ಪಟ್ಟಣದ ಅಬುಲ್ ಅಬ್ಬಾಸನೆಂಬ ಸಸ್ಯಪಂಡಿತನು ೧೨೧೬ರಲ್ಲಿ ಈಜಿಪ್ಟಿಗೆ ಹೋಗಿದ್ದಾಗ ಅಲ್ಲಿ ಜನ ಬೆಂಡೆಯ ಎಳೆಗಾಯಿಗಳನ್ನು ತಿನ್ನುತ್ತಿದ್ದುದನ್ನು ವರ್ಣಿಸಿದ್ದಾನೆ. ಇದನ್ನು ಆಧಾರವಾಗಿಟ್ಟುಕೊಂಡು, ಬೆಳೆಸಿದ ಗಿಡಗಳ ಮೂಲವನ್ನು ಕುರಿತು ೧೮೮೨ರಲ್ಲಿ ಗ್ರಂಥ ಬರೆದ ದ ಕಾಂಡೋಲನು ಬೆಂಡೆಯ ತವರು ಆಫ್ರಿಕವೆಂದನು. ಇದಕ್ಕೆ ಪ್ರತಿಯಾಗಿ ಭಾರತದ ಪರವಾದ ಸಾಕ್ಷ್ಯ ದಿಲ್ಲಿಯಿಂದ ಬಂತು. ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಬಿ. ಪಿ. ಪಾಲರೂ ಅವರ ಸಂಗಡಿಗರೂ ೧೯೫೨ರಲ್ಲಿ ನಮ್ಮ ದೇಶದ ಒಂದು ಕಾಡುಬೆಂಡೆಯನ್ನು ಬೇರೆಯ ಜಾತಿಯೆಂದು ಗುರುತಿಸಿದರು. ೧೯೫೬ರಲ್ಲಿ ಎ. ಬಿ. ಜೋಶಿ ಮತ್ತು ಹರ್ದಾಸ್ ಎಂಬ ವಿಜ್ಞಾನಿಗಳು ಬೆಂಡೆಯ ವರ್ಣತಂತುಗಳನ್ನು ಎಣಿಸಿ ಹೋಲಿಸಿ, ಅದು ಎರಡು ವಂಶಗಳ ಕೂಡಿಕೆಯಿಂದ ಹುಟ್ಟಿದ ಗಿಡವೆಂದು ತೋರಿಸಿದರು. ಸಾಮಾನ್ಯವಾಗಿ ಬೆಂಡೆಯಲ್ಲಿ ೧೩೦ ವರ್ಣತಂತುಗಳು. ಅವುಗಳಲ್ಲಿ ೫೮ ಈ ಕಾಡುಬೆಂಡೆಯ ಕಡೆಯವು, ಉಳಿದ ೭೨ ಇನ್ನೊಂದು ಮನೆಯವು. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದುಗೂಡಿದ ೧೯೫೬ರಲ್ಲಿಯೇ, ಬೆಂಡೆಯೂ ಒಂದು ಏಕೀಕರಣದ ಫಲವೆಂದು ಪ್ರಕಟವಾದದ್ದು ಆಕಸ್ಮಿಕವಾದರೂ ನಮಗೆ ಸಂತೋಷದ ಸಂಗತಿ.

ಬೆಂಡೆಯ ಚರಿತ್ರೆಯಲ್ಲಿ ಕಣ್ಣೀರಿನ ಅಧ್ಯಾಯವೂ ಒಂದುಂಟು. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಿದ ಆ ಕ್ರೂರ ಕಾಲದಲ್ಲಿ ಬೆಂಡೆಯೂ ಸಮುದ್ರ ದಾಟಿತು. ಹದಿನೇಳನೆಯ ಶತಮಾನದಲ್ಲಿ ಅದು ಬ್ರೆಜಿಲಿನಲ್ಲಿ ಬೆಳೆಯುತ್ತಿದ್ದಿತು. ಇಂಗ್ಲಿಷಿನ 'ಓಕ್ರ' ಎಂಬ ಮಾತು ಪಶ್ಚಿಮ ಆಫ್ರಿಕದ ಇಗ್ಬೋ ಜನರ ಭಾಷೆಯದು. ಲೂಸಿಯಾನದ ಪ್ರಸಿದ್ಧವಾದ 'ಗಂಬೋ' ಎಂಬ ಗಟ್ಟಿ ಸಾರಿನ ಹೆಸರು ಅಂಗೋಲದ ಕಡೆಯ ಭಾಷೆಗಳಲ್ಲಿ ಬೆಂಡೆಗಿರುವ ಹೆಸರಿನಿಂದ ಬಂದದ್ದು. ಆ ಜನರಿಂದ ಅವರ ಊರನ್ನು ಕಸಿದುಕೊಂಡರು, ಹೆಸರನ್ನು ಕಸಿದುಕೊಂಡರು, ಭಾಷೆಯನ್ನೂ ಬಹುಮಟ್ಟಿಗೆ ಕಸಿದುಕೊಂಡರು. ಒಂದು ತರಕಾರಿಯ ಬೀಜವನ್ನೂ ಅದರ ಹೆಸರನ್ನೂ ಕಸಿದುಕೊಳ್ಳಲಾಗಲಿಲ್ಲ. ಅಡಿಗೆಮನೆಯಲ್ಲಿ ಉಳಿದುಕೊಂಡ ಒಂದು ಮಾತು ಎಷ್ಟು ಗಟ್ಟಿಯಾದುದೆಂಬುದಕ್ಕೆ ಇದಕ್ಕಿಂತ ಬೇರೆಯ ಪ್ರಮಾಣ ಬೇಕಾಗಿಲ್ಲ.

ಪ್ರಕೃತ ವಿಷಯಕ್ಕೆ ಸಂಬಂಧಿಸಿದಂತೆ ಮುಂಬಯಿಯ ಒಂದು ಸ್ಥಳನಾಮವನ್ನು ಇಲ್ಲಿ ನೆನೆಯಬಹುದು. ಭೇಂಡಿ ಬಜಾರವೆಂಬ ಹೆಸರು 'ಬಜಾರಿನ ಹಿಂದೆ' ಎಂಬರ್ಥದ ಇಂಗ್ಲಿಷ್ ಮಾತಿನ ಅಪಭ್ರಂಶವೆಂದು ಕೆಲವರು ಹೇಳುವುದುಂಟು. ಅಲ್ಲಿದ್ದ ಭೇಂಡಿ ಮರಗಳ ಸಾಲಿನಿಂದ ಆ ಹೆಸರು ಬಂತೆಂಬುದು ಇನ್ನೊಂದು ವಿವರಣೆ. ಈ ಭೇಂಡಿ ಮರ ತರಕಾರಿಯ ಬೆಂಡೆಯಲ್ಲ. ನಾವು ಹೂವರಸಿಯೆನ್ನುವ, ಕಡಲ ದಂಡೆಯಲ್ಲಿ ಬೆಳೆಯುವ, ಹಳದಿ ಹೂವಿನ ನೆರಳುಮರ. ಸ್ವಾರಸ್ಯವೆಂದರೆ ಈ ಮರವನ್ನೂ ಲಿನೇಯಸನು ೧೭೫೩ರಲ್ಲಿ ಹಿಬಿಸ್ಕಸ್ ಮನೆತನಕ್ಕೇ ಸೇರಿಸಿದ್ದನು. ಅದು ಬೇರೆ ಮನೆ ಮಾಡಿದ್ದು ಅನಂತರ. ಪಂಡಿತನು ಹೂ ನೋಡಿ ಕಂಡ ನಂಟನ್ನು ಕೊಂಕಣದ ಜನ ಒಂದೇ ಹೆಸರು ಕೊಟ್ಟು ಸಾರಿದ್ದರು.

ಬಳಕೆಯಲ್ಲಿಯೂ ಈ ದಾಯಾದಿಗಳು ತಮಗೆ ಗೊತ್ತುಮಾಡಿದ ಗಡಿಯೊಳಗೆ ನಿಂತವರಲ್ಲ. ದಾಸವಾಳದ ಎಲೆಯನ್ನು ಅರೆದು ತಲೆಗೆ ಹಚ್ಚಿ ಮೀಯುವುದು ನಮ್ಮ ಹೆಂಗಸರಿಗೆ ಹಳೆಯ ರೂಢಿ. ಹೂವಿನಿಂದ ತಂಬುಳಿ ಮಾಡುವುದೂ ಉಂಟು. ಎಸಳುಗಳಿಂದ ಕರಿಯ ಬೂಟುಗಳನ್ನು ಉಜ್ಜಿ ಮಿರುಗಿಸುತ್ತಿದ್ದರಾಗಿ ಇಂಗ್ಲಿಷರು ಅದಕ್ಕೆ 'ಶೂ ಫ್ಲವರ್' ಎಂಬ ಹೆಸರಿಟ್ಟರು. ದೇವರ ಮುಡಿಯಿಂದ ಪಾದರಕ್ಷೆಯವರೆಗೆ ಅದರ ಸೇವೆ! ಶಾಲೆಯ ಮಕ್ಕಳು ದಾಸವಾಳದ ರಸಕ್ಕೆ ಲಿಂಬೆಹುಳಿ ಹಾಕಿ ಅದು ಕಡುಗೆಂಪಾಗುವುದನ್ನೂ, ಸುಣ್ಣದ ತಿಳಿ ಹಾಕಿ ಹಸುರಾಗುವುದನ್ನೂ ನೋಡಿ ಆಮ್ಲ ಕ್ಷಾರಗಳ ಭೇದವನ್ನು ಕಲಿಯುತ್ತಾರೆ.

ಬೆಂಡೆಗೂ ಪಲ್ಯ, ಗೊಜ್ಜು, ಮಜ್ಜಿಗೆಹುಳಿಗಳ ಆಚೆಗೆ ಒಂದು ಉದ್ಯೋಗವಿದೆ. ಕಬ್ಬಿನ ಸೀಮೆಯ ಆಲೆಮನೆಗಳಲ್ಲಿ ಬೆಂಡೆಯ ಗಿಡವನ್ನು ಜಜ್ಜಿ ನೀರಿನಲ್ಲಿ ನೆನೆಯಿಟ್ಟು, ಆ ಲೋಳೆಯನ್ನು ಕುದಿಯುವ ಕಬ್ಬಿನ ಹಾಲಿಗೆ ಹಾಕುತ್ತಾರೆ. ಹಾಲಿನ ಕಸವನ್ನೆಲ್ಲ ಲೋಳೆ ಹಿಡಿದುಕೊಂಡು ನೊರೆಯಾಗಿ ಮೇಲಕ್ಕೆ ತೇಲಿಸುತ್ತದೆ. ಅದನ್ನು ತೆಗೆದುಹಾಕಿದರೆ ಬೆಲ್ಲಕ್ಕೆ ಒಳ್ಳೆಯ ಬಣ್ಣ ಬರುತ್ತದೆ. ಅಡಿಗೆಯಲ್ಲಿ ಹೋಗಲಾಡಿಸಬೇಕೆಂದು ನಾವು ಹೆಣಗುವ ಲೋಳೆಯೇ ಬೆಲ್ಲವನ್ನು ಶುದ್ಧಮಾಡುವ ಉಪಕಾರಿ. ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆಂದು ಮಕ್ಕಳಿಗೆ ಹೇಳುವ ಮಾತಿನಲ್ಲಿ ಎಷ್ಟು ಸತ್ಯವಿದೆಯೋ, ತಾಯಂದಿರ ಜಾಣತನವಂತೂ ಸಾಕಷ್ಟಿದೆ.

ಬೆಂಡೆಯ ಈಚಿನ ಚರಿತ್ರೆಯಲ್ಲಿ ಒಂದು ದೊಡ್ಡ ಗಂಡಾಂತರವೂ ಒದಗಿತು. ಎಲೆಯ ನರಗಳು ಹಳದಿಯಾಗಿ, ಕಾಯಿ ಬಿಳಿಚಿಕೊಂಡು ನಾರಾಗುವ ನಂಜುರೋಗವು ೧೯೨೪ರಲ್ಲಿ ಆಗಿನ ಮುಂಬಯಿ ಪ್ರಾಂತದಲ್ಲಿ ಮೊದಲು ವರದಿಯಾಯಿತು. ಅದು ಬಿಳಿನೊಣದಿಂದ ಹರಡುವುದೆಂದು ೧೯೫೦ರಲ್ಲಿ ಕಪೂರ್ ಮತ್ತು ವರ್ಮ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ದಿಲ್ಲಿಯಲ್ಲಿ ಹರ್ಭಜನ್ ಸಿಂಗರು ಪಶ್ಚಿಮ ಬಂಗಾಳದಿಂದ ಬಂದ ಒಂದು ತಳಿಯನ್ನು ಕೂಡಿಸಿ 'ಪೂಸಾ ಸಾವನಿ'ಯನ್ನು ತಯಾರಿಸಿದರು. ದೇಶವೆಲ್ಲ ಅದನ್ನು ಬೆಳೆಯಿತು. ಕಾಲಕ್ರಮದಲ್ಲಿ ಅದರ ಶಕ್ತಿಯೂ ಉಡುಗಿತು. ಆಗ ವಿಜ್ಞಾನಿಗಳು ಕಾಡಿನ ನೆಂಟರ ಕಡೆಗೆ ತಿರುಗಿದರು. ಪರಭಣಿಯ ಕೃಷಿ ವಿಶ್ವವಿದ್ಯಾಲಯದ 'ಪರಭಣಿ ಕ್ರಾಂತಿ', ಬೆಂಗಳೂರಿನ ಬಳಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯ 'ಅರ್ಕಾ ಅನಾಮಿಕ', 'ಅರ್ಕಾ ಅಭಯ' ತಳಿಗಳು ಹೀಗೆ ಕಾಡುಜಾತಿಯ ರಕ್ತದಿಂದ ಬಲಗೊಂಡವು. ಯಾರೂ ತಿನ್ನದ, ಯಾರೂ ಮುಡಿಯದ ಕಾಡುಗಿಡವೊಂದು ಬೇಲಿಯ ಆಚೆ ಉಳಿದಿದ್ದುದರಿಂದ ನಮ್ಮ ಹಿತ್ತಿಲು ಉಳಿಯಿತು.

ಕಾಡುಬೆಂಡೆಯನ್ನು ಗುರುತಿಸಿದ ಬಿ. ಪಿ. ಪಾಲರ ವಿಷಯದಲ್ಲಿ ಇನ್ನೊಂದು ಮಾತು. ಗೋಧಿಯ ತಳಿಗಳಲ್ಲಿ ದೇಶಪ್ರಸಿದ್ಧರಾದ ಆ ವಿಜ್ಞಾನಿಯೇ ಗುಲಾಬಿಯ ದೊಡ್ಡ ಉಪಾಸಕರೂ ಆಗಿದ್ದರು. ಅನೇಕ ಹೊಸ ಗುಲಾಬಿಗಳನ್ನು ಬೆಳೆಸಿ, ೧೯೬೬ರಲ್ಲಿ ಭಾರತ ದೇಶದ ಗುಲಾಬಿಯನ್ನು ಕುರಿತು ಗ್ರಂಥ ಬರೆದರು. ಅನ್ನದ ಗಿಡವನ್ನು ಬಲ್ಲವನು ಅಂದದ ಗಿಡವನ್ನು ಕೀಳೆನ್ನಲಿಲ್ಲ. ಅಂದದ ಗಿಡವನ್ನು ಪ್ರೀತಿಸಿದವನು ಅನ್ನದ ಗಿಡವನ್ನು ಮರೆಯಲಿಲ್ಲ. ಇದೇ ನಿಜವಾದ ತೋಟಗಾರನ ಲಕ್ಷಣ.

ಇಷ್ಟು ಹೇಳಿದ ಮೇಲೆ ಈ ಎರಡು ಗಿಡಗಳ ನಡುವಿನ ಮುಖ್ಯ ಭೇದವೊಂದು ಉಳಿಯುತ್ತದೆ. ಅದು ಬಣ್ಣದ ಭೇದವಲ್ಲ, ಪುಷ್ಪಪಾತ್ರೆಯ ಭೇದವೂ ಅಲ್ಲ. ಬಾಳುವ ರೀತಿಯ ಭೇದ. ದಾಸವಾಳ ಕಡ್ಡಿಯಿಂದ ಬರುತ್ತದೆ. ನೆರೆಮನೆಯವರಿಂದ ಒಂದು ಕಡ್ಡಿ ತಂದು ಊರಿದರೆ ಸಾಕು. ವರ್ಷಗಟ್ಟಲೆ ಹೂ ಕೊಡುತ್ತದೆ. ನಮ್ಮ ಅಂಗಳದ ಗಿಡವೂ ಕಡ್ಡಿ ಕೊಟ್ಟ ಗಿಡವೂ ಎರಡಲ್ಲ, ಒಂದೇ. ಬೆಂಡೆ ಹಾಗಲ್ಲ. ಅದು ಒಂದೇ ಕಾಲದ ಬೆಳೆ. ಕೆಲವು ತಿಂಗಳಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಮುಂದಿನ ಮಳೆಗೆ ಬೆಂಡೆ ಬೇಕಾದರೆ ಯಾರಾದರೂ ಗಿಡದಲ್ಲಿ ನಾಲ್ಕು ಒಳ್ಳೆಯ ಕಾಯಿಗಳನ್ನು ಕೊಯ್ಯದೆ ಬೀಜಕ್ಕೆ ಬಿಟ್ಟಿರಬೇಕು. ಇಂದಿನ ಪಲ್ಯದ ಆಸೆಯನ್ನು ಅಷ್ಟರಮಟ್ಟಿಗೆ ಬಿಡಬೇಕು.

ಈ ಬಿಡುವ ಗುಣ ಕಡಿಮೆಯಾದುದರಿಂದ ನಷ್ಟವಾದದ್ದು ಸ್ವಲ್ಪವಲ್ಲ. ಕರಾವಳಿಯ ಬಿಳಿಯ, ಉದ್ದನೆಯ ಹಾಲುಬೆಂಡೆಯನ್ನು ಹಿಂದಿನವರು ಮನೆಮನೆಯಲ್ಲಿ ಬೀಜಕ್ಕಿಟ್ಟು ಕಾಪಾಡಿದರು. ಪೇಟೆಯ ಮಿಶ್ರತಳಿಯ ಬೀಜ ಮೊದಲ ಬೆಳೆಯನ್ನು ಹೇರಳವಾಗಿ ಕೊಡುತ್ತದೆ, ನಿಜ. ಆದರೆ ಅದರಿಂದ ಉಳಿಸಿದ ಬೀಜ ತಾಯಿಗಿಡದಂತೆ ಬರುವುದಿಲ್ಲ. ಆದುದರಿಂದ ಪ್ರತಿ ಸಲವೂ ಅಂಗಡಿಗೇ ಹೋಗಬೇಕು. ತನ್ನ ಬೆಳೆಯ ಬೀಜವನ್ನು ಉಳಿಸಿ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ೨೦೦೧ರ ಕಾನೂನು ನಮ್ಮ ರೈತನಿಗೆ ಸ್ಪಷ್ಟವಾಗಿ ಕೊಟ್ಟಿದೆ. ಆದರೆ ಉಳಿಸುವ ಕೈಗಳೇ ಇಲ್ಲವಾದರೆ ಕಾನೂನು ಏನು ಮಾಡೀತು?

ರಾಜ್ಯೋತ್ಸವದ ಸಂಚಿಕೆಯಲ್ಲಿ ಈ ಮಾತುಗಳನ್ನು ಬರೆಯುವಾಗ ನಮ್ಮ ನುಡಿಯ ನೆನಪು ಬರದಿರದು. ೧೯೫೬ರ ನವೆಂಬರ್ ಒಂದರಂದು ನಾಡು ಒಂದಾಯಿತು. ೧೯೭೩ರ ಅದೇ ದಿನ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅಂದಿನಿಂದ ವರ್ಷಕ್ಕೊಮ್ಮೆ ನಾವು ಎಲ್ಲೆಲ್ಲಿದ್ದರೂ ಬಾವುಟ ಹಾರಿಸುತ್ತೇವೆ, ಹಾಡುತ್ತೇವೆ, ಸನ್ಮಾನ ಮಾಡುತ್ತೇವೆ. ಇದು ನಮ್ಮ ದಾಸವಾಳ. ಬೇಡವೆಂದು ಹೇಳುವವರು ನಾವಲ್ಲ. ಹೂವಿಲ್ಲದ ಪೂಜೆ ಪೂಜೆಯಲ್ಲ. ಊರಿನಿಂದ ತಂದ ಒಂದು ಕಡ್ಡಿ ಪರಸ್ಥಳದ ಮಣ್ಣಿನಲ್ಲಿ ಇಷ್ಟು ವರ್ಷ ಅರಳಿತೆಂಬುದೇ ಒಂದು ಹೆಮ್ಮೆ. ಆದರೆ ಹೂ ಮಾತ್ರ ಬಿಟ್ಟು ಕಾಯಿ ಕಚ್ಚದ ಗಿಡ ಮುಂದಿನ ತಲೆಮಾರಿಗೆ ತಾನಾಗಿ ಹೋಗಲಾರದು. ಪ್ರತಿ ಸಲವೂ ಇನ್ನೊಬ್ಬರು ಕಡ್ಡಿ ತಂದು ಊರಬೇಕು.

ಮನೆಯಲ್ಲಿ ದಿನವೂ ಆಡುವ ಕನ್ನಡ ನಮ್ಮ ಬೆಂಡೆ. ಅದಕ್ಕೆ ವೇದಿಕೆಯಿಲ್ಲ, ಹಾರತುರಾಯಿಯಿಲ್ಲ. 'ಊಟಕ್ಕೆ ಬಾ', 'ಬಾಗಿಲು ಹಾಕು', 'ಅಜ್ಜಿಗೆ ನೀರು ಕೊಡು' ಎಂಬಂಥ ಮಾತುಗಳು ಅದು. ಮಕ್ಕಳ ನಾಲಗೆಯಲ್ಲಿ ಅದು ಬಲಿತರೆ ಬೀಜವಾಗುತ್ತದೆ. ಬಲಿಯಗೊಡದೆ ನಮ್ಮ ಕಾಲಕ್ಕೇ ಕೊಯ್ದು ಮುಗಿಸಿದರೆ ಮುಂದಿನ ಮಳೆಗೆ ಬಿತ್ತಲು ಏನೂ ಉಳಿಯದು. ಅಮೆರಿಕದ ಗುಲಾಮರ ಅಡಿಗೆಮನೆಯಲ್ಲಿ ಒಂದು ಮಾತು ಶತಮಾನಗಳ ಕಷ್ಟವನ್ನು ದಾಟಿ ಉಳಿಯಿತು. ಸುಖವಾಗಿರುವ ನಮ್ಮ ಅಡಿಗೆಮನೆಗಳಲ್ಲಿ ಒಂದು ಭಾಷೆ ಉಳಿಯದೆ ಹೋದರೆ ತಪ್ಪು ಮಣ್ಣಿನದಲ್ಲ, ಮಳೆಯದಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಕಿಟಕಿಯ ಕಟ್ಟೆಯಲ್ಲಿ ಎರಡು ಕುಂಡಗಳಿಗೆ ಸ್ಥಳವಿದ್ದರೆ ಒಂದರಲ್ಲಿ ದಾಸವಾಳದ ಕಡ್ಡಿಯನ್ನು ಊರಿರಿ, ಇನ್ನೊಂದರಲ್ಲಿ ಬೆಂಡೆಯ ಬೀಜವನ್ನು ಬಿತ್ತಿರಿ. ಹೂ ಬಿಟ್ಟಾಗ ಮಕ್ಕಳನ್ನು ಕರೆದು ಎರಡನ್ನೂ ತೋರಿಸಿ, ಇವರಿಬ್ಬರೂ ಒಂದೇ ಬಳಗದವರೆಂದು ಕನ್ನಡದಲ್ಲಿ ಹೇಳಿರಿ. ಬೆಂಡೆಯ ಗಿಡದಲ್ಲಿ ಒಂದು ಕಾಯಿಯನ್ನಾದರೂ ಬೀಜಕ್ಕೆ ಬಿಡಿರಿ.